ಮಿಶಿಗನ್‌ಗೆ ಸೋತು ದೇಶ ಗೆದ್ದ ಒಹಾಯೊ ಸ್ಟೇಟ್: ಈ ಋತುವನ್ನು ಹೇಗೆ ಅಳೆಯಬೇಕು?

ಒಲೆಂಟಾಂಜಿ ದಂಡೆಯವ
ಜನವರಿ 23, 2025

ಎಲ್ಲರಿಗೂ ನಮಸ್ಕಾರ. ಸೋಮವಾರ ರಾತ್ರಿ ಅಟ್ಲಾಂಟಾದಲ್ಲಿ ಒಹಾಯೊ ಸ್ಟೇಟ್ ತಂಡ ನೋಟರ್ ಡೇಮ್ ತಂಡವನ್ನು 34-23ರಿಂದ ಮಣಿಸಿ ಅಮೆರಿಕದ ಕಾಲೇಜು ಫುಟ್‌ಬಾಲಿನ (ಚೆಂಡನ್ನು ಕೈಯಲ್ಲಿ ಹೊತ್ತು ಓಡುವ, ಎಸೆಯುವ ಆಟ) ರಾಷ್ಟ್ರೀಯ ಪ್ರಶಸ್ತಿಯನ್ನು ಗೆದ್ದಿತು. 2014ರ ಋತುವಿನ ನಂತರ ನಮಗೆ ದಕ್ಕಿದ ಮೊದಲ ಪ್ರಶಸ್ತಿ ಇದು. ನಮ್ಮ ಬೀದಿಯಲ್ಲಿ ಕೆಂಪು-ಬೂದು ಬಾವುಟಗಳು ಇನ್ನೂ ಇಳಿದಿಲ್ಲ. ಹೀಗಿದ್ದರೂ ಆಫೀಸಿನಲ್ಲಿ ಊಟಕ್ಕೆ ಕುಳಿತಾಗ ಯಾರಾದರೊಬ್ಬರು "ಎಲ್ಲ ಸರಿ, ಆದರೆ ಮಿಶಿಗನ್..." ಎಂದು ರಾಗ ಎಳೆಯುತ್ತಾರೆ, ಮಿಕ್ಕವರು ತಟ್ಟೆ ನೋಡುತ್ತಾರೆ.

ಈಚೆಗೆ ಬಂದವರಿಗಾಗಿ ಹೇಳುತ್ತೇನೆ. ನವೆಂಬರ್ 30ರಂದು ಕೊಲಂಬಸ್‌ನ ನಮ್ಮದೇ ಅಂಗಳದಲ್ಲಿ ಮಿಶಿಗನ್ ನಮ್ಮನ್ನು 13-10ರಿಂದ ಸೋಲಿಸಿತು. ಅದು ಆರು ಪಂದ್ಯ ಗೆದ್ದು ಐದು ಸೋತು ಬಂದಿದ್ದ ತಂಡ. ನಾವು ಸುಮಾರು 20 ಅಂಕಗಳ ಅಂತರದಿಂದ ಗೆಲ್ಲುತ್ತೇವೆಂದು ಬಾಜಿ ಕಟ್ಟುವವರ ಲೆಕ್ಕವಿತ್ತು. ಅವರ ಕ್ವಾರ್ಟರ್‌ಬ್ಯಾಕ್ (ಆಕ್ರಮಣ ನಡೆಸುವ, ಚೆಂಡೆಸೆಯುವ ಆಟಗಾರ) ಡೇವಿಸ್ ವಾರನ್ ಇಡೀ ಪಂದ್ಯದಲ್ಲಿ ಚೆಂಡೆಸೆದು ಗಳಿಸಿದ್ದು 62 ಯಾರ್ಡ್, ಅದರ ಜೊತೆಗೆ ಎರಡು ಬಾರಿ ಚೆಂಡನ್ನು ನಮ್ಮವರ ಕೈಗೇ ಕೊಟ್ಟರು. ಇಂಥ ತಂಡದೆದುರು ದ್ವಿತೀಯಾರ್ಧದಲ್ಲಿ ನಮಗೆ ಒಂದು ಅಂಕವೂ ಬರಲಿಲ್ಲ. ಎರಡು ಫೀಲ್ಡ್ ಗೋಲ್ (ಕಂಬಗಳ ನಡುವೆ ಚೆಂಡು ಒದ್ದು ಮೂರಂಕ ಪಡೆಯುವ ಯತ್ನ) ತಪ್ಪಿದವು, ನಮ್ಮ ಕ್ವಾರ್ಟರ್‌ಬ್ಯಾಕ್ ವಿಲ್ ಹೋವರ್ಡ್ ಎರಡು ಬಾರಿ ಚೆಂಡನ್ನು ಎದುರಾಳಿಯ ಕೈಗೆ ಎಸೆದರು, ಮತ್ತು 45 ಸೆಕೆಂಡ್ ಉಳಿದಿದ್ದಾಗ ಮಿಶಿಗನ್‌ನವರು 21 ಯಾರ್ಡ್ ದೂರದಿಂದ ಒದ್ದು ಪಂದ್ಯ ಮುಗಿಸಿದರು. ಆಮೇಲೆ ಮೈದಾನದ ನಡುವೆ ಬಾವುಟ ನೆಡುವ ವಿಚಾರಕ್ಕೆ ಕೈಕೈ ಮಿಲಾಯಿಸಿ, ಪೊಲೀಸರು ಪೆಪ್ಪರ್ ಸ್ಪ್ರೇ ಸಿಂಪಡಿಸಬೇಕಾಯಿತು. ಕೋಚ್ ರಯಾನ್ ಡೇ ಅವರಿಗೆ ಅದು ಮಿಶಿಗನ್ ವಿರುದ್ಧ ಸತತ ನಾಲ್ಕನೆಯ ಸೋಲು. ಆ ರಾತ್ರಿ ಈ ಊರಿನಲ್ಲಿ ಅವರ ಪರವಾಗಿ ಮಾತಾಡುವ ಧೈರ್ಯ ಇದ್ದವರು ಕಡಿಮೆ. ನಾನೂ ಮಾತಾಡಲಿಲ್ಲ ಎಂಬುದನ್ನು ಮೊದಲೇ ಒಪ್ಪಿಕೊಳ್ಳುತ್ತೇನೆ.

ಅದಾದ 51 ದಿನಗಳಲ್ಲಿ ಅದೇ ಕೋಚ್, ಅದೇ ಹುಡುಗರು ನಾಲ್ಕು ಪ್ಲೇಆಫ್ ಪಂದ್ಯಗಳನ್ನು ಸಾಲಾಗಿ ಗೆದ್ದರು: ಟೆನೆಸ್ಸೀ ಮೇಲೆ 42-17, ಒರೆಗಾನ್ ಮೇಲೆ 41-21, ಟೆಕ್ಸಸ್ ಮೇಲೆ 28-14, ಕೊನೆಗೆ ನೋಟರ್ ಡೇಮ್. ನನ್ನ ವಾದ ಇಷ್ಟು: ಮಿಶಿಗನ್ ಸೋಲನ್ನು ಬದಿಗಿಟ್ಟು ಈ ಪ್ರಶಸ್ತಿಯನ್ನು ವಿವರಿಸಲು ಬರುವುದಿಲ್ಲ. ಅಂದು ಹೇಗೋ 17-13ರಿಂದ ಗೆದ್ದಿದ್ದರೆ, ಮುರುಕಲು ಲೈನಿನ (ಮುಂದೆ ನಿಂತು ದಾರಿ ಬಿಡಿಸುವವರ ಸಾಲು) ನಡುವಿನಿಂದಲೇ ಚೆಂಡು ಹೊತ್ತು ಓಡಬೇಕೆಂಬ ಹಟವನ್ನು ಈ ತಂಡ ಡಿಸೆಂಬರಿಗೂ ಹೊತ್ತೊಯ್ಯುತ್ತಿತ್ತು ಮತ್ತು ಅಕ್ಟೋಬರಿನಲ್ಲಿ ಒಮ್ಮೆ ನಮ್ಮನ್ನು ಸೋಲಿಸಿದ್ದ ಒರೆಗಾನ್ ಎದುರು ಎರಡನೆಯ ಬಾರಿಯೂ ಸೋಲುತ್ತಿತ್ತು ಎಂದು ನನಗೆ ಅನ್ನಿಸುತ್ತದೆ. ನೀವೇನು ಹೇಳುತ್ತೀರಿ?


ಆನ್ ಆರ್ಬರ್ ಸೊಸೆ
ಜನವರಿ 23, 2025

ಮೊದಲು ಅಭಿನಂದನೆ ಹೇಳಿಬಿಡುತ್ತೇನೆ, ಆಮೇಲೆ ಹೇಳಲು ಮನಸ್ಸು ಬರದಿದ್ದರೆ ಕಷ್ಟ. ನನ್ನ ಗಂಡ ಓದಿದ್ದು ಮಿಶಿಗನ್‌ನಲ್ಲಿ, ಹಾಗಾಗಿ ಮದುವೆಯಾದಂದಿನಿಂದ ನನ್ನದೂ ಅದೇ ಪಕ್ಷ.

ದಂಡೆಯವರೇ, ನಿಮ್ಮ ವಾದ ಚೆನ್ನಾಗಿದೆ, ಆದರೆ ಅದರಲ್ಲಿ ನಮ್ಮ ಗೆಲುವು ನಿಮ್ಮ ಔಷಧಿಯಾಗಿಬಿಡುತ್ತದೆ. ನವೆಂಬರ್ ಕೊನೆಯ ಶನಿವಾರದ ಈ ಪಂದ್ಯಕ್ಕೆ ಇದ್ದ ಬೆಲೆ ಏನು ಎಂದು ನಿಮಗೆ ನಾನು ಹೇಳಬೇಕಿಲ್ಲ. ನಿಮ್ಮ ಕೋಚ್‌ಗಳು ಮಿಶಿಗನ್ ಎಂಬ ಹೆಸರನ್ನೂ ಬಾಯಲ್ಲಿ ತರದೆ "ಉತ್ತರದ ಆ ತಂಡ" ಎನ್ನುತ್ತಿದ್ದರು. ನಮ್ಮನ್ನು ಸೋಲಿಸಿದ ವರ್ಷ ನಿಮ್ಮ ಆಟಗಾರರಿಗೆ ಪುಟ್ಟ ಚಿನ್ನದ ಚಡ್ಡಿಯ ಪದಕ ಕೊಡುವ ಪದ್ಧತಿ 1934ರಿಂದ ನಡೆದುಬಂದಿದೆ. ಜ್ಯಾಕ್ ಸಾಯರ್, ಜೆಟಿ ಟುಇಮೊಲೊವಾವ್, ಟ್ರೆವೆಯಾನ್ ಹೆಂಡರ್ಸನ್, ಎಮೆಕಾ ಎಗ್ಬುಕಾ ಈ ಎಲ್ಲರೂ 2021ರಲ್ಲಿ ಸೇರಿದವರು. ಇವರ ಬೆರಳಿಗೆ ರಾಷ್ಟ್ರೀಯ ಪ್ರಶಸ್ತಿಯ ಉಂಗುರ ಬಂತು, ಆದರೆ ಅಂಗೈ ಮೇಲೆ ಒಂದೇ ಒಂದು ಚಿನ್ನದ ಚಡ್ಡಿ ಇಲ್ಲದೆ ಕಾಲೇಜು ಬಿಡುತ್ತಿದ್ದಾರೆ.

ಪ್ಲೇಆಫ್‌ನ ಹಿಂದಿನ ನಾಲ್ಕು ತಂಡಗಳ ಪದ್ಧತಿಯಲ್ಲಾಗಿದ್ದರೆ ಅಂದು ಸಂಜೆಗೇ ನಿಮ್ಮ ವರ್ಷ ಮುಗಿಯುತ್ತಿತ್ತು. 2014ರಿಂದ 2023ರವರೆಗೆ ಎರಡು ಪಂದ್ಯ ಸೋತ ಒಂದೇ ಒಂದು ತಂಡಕ್ಕೂ ಅಲ್ಲಿ ಜಾಗ ಸಿಕ್ಕಿರಲಿಲ್ಲ. ಆ ಭಯವೇ ಈ ಆಟಕ್ಕೆ ಉಪ್ಪು. ಈಗ ಹನ್ನೆರಡು ತಂಡಗಳಿಗೆ ಬಾಗಿಲು ತೆಗೆದು, ನೂರು ವರ್ಷದ ಹಗೆಯ ಪಂದ್ಯವನ್ನು ಶ್ರೇಯಾಂಕ ಹೊಂದಿಸುವ ಪಂದ್ಯವನ್ನಾಗಿ ಮಾಡಿದ್ದಾರೆ.


ಮೈಸೂರಿನಿಂದ ಬಂದ ಹೊಸಬ
ಜನವರಿ 23, 2025

ನಾನು ಆಗಸ್ಟ್‌ನಲ್ಲಷ್ಟೇ ಸ್ನಾತಕೋತ್ತರ ಓದಿಗೆಂದು ಕೊಲಂಬಸ್‌ಗೆ ಬಂದವನು. ಆಟ ಇನ್ನೂ ಪೂರ್ತಿ ಅರ್ಥವಾಗಿಲ್ಲ. ಮಿಶಿಗನ್ ಪಂದ್ಯದ ವಾರ ತರಗತಿಗೆ ಹೋಗುವಾಗ ಕಟ್ಟಡಗಳ ಫಲಕಗಳಲ್ಲಿ ಒಂದೊಂದು ಅಕ್ಷರದ ಮೇಲೆ ಕೆಂಪು ಟೇಪಿನಲ್ಲಿ ಅಡ್ಡಗೀಟು ಹಾಕಿದ್ದು ಕಂಡಿತು. ಏನೋ ದುರಸ್ತಿ ಕೆಲಸ ನಡೆದಿರಬೇಕು ಎಂದುಕೊಂಡು ಮುಂದೆ ಹೋದೆ. ನಾಲ್ಕನೆಯ ಫಲಕ ಕಂಡಾಗ ಹೊಳೆಯಿತು, ಹೊಡೆದುಹಾಕಿದ್ದೆಲ್ಲ "ಎಂ" ಅಕ್ಷರವೇ.

ನನ್ನ ಪ್ರಶ್ನೆ ಬೇರೆ. ಎರಡು ಸೋತು, ತಮ್ಮದೇ ಬಿಗ್ ಟೆನ್ ಕಾನ್ಫರೆನ್ಸಿನ (ಒಂದಷ್ಟು ವಿಶ್ವವಿದ್ಯಾಲಯಗಳ ಲೀಗ್) ಫೈನಲ್‌ಗೂ ಹೋಗದ ತಂಡ ರಾಷ್ಟ್ರೀಯ ಚಾಂಪಿಯನ್ ಆಗುವುದು ಹೇಗೆ? ಒರೆಗಾನ್ ಆ ಹೊತ್ತಿಗೆ ಒಂದೂ ಪಂದ್ಯ ಸೋತಿರಲಿಲ್ಲವಲ್ಲ? ಐಪಿಎಲ್‌ನಲ್ಲಿ ಮೊದಲೆರಡು ಸ್ಥಾನ ಪಡೆದವರಿಗೆ ಪ್ಲೇಆಫ್‌ನಲ್ಲಿ ಒಮ್ಮೆ ಎಡವಿದರೂ ಇನ್ನೊಂದು ದಾರಿ ಇರುತ್ತದೆ. ಒರೆಗಾನ್‌ಗೆ ಅಷ್ಟೂ ಇಲ್ಲವೆಂದರೆ ಅನ್ಯಾಯ ಅನ್ನಿಸುವುದಿಲ್ಲವೆ?


ಲೆಕ್ಕದ ಮೇಷ್ಟ್ರು
ಜನವರಿ 24, 2025

ಹೊಸಬರೇ, ನಿಮ್ಮ ಪ್ರಶ್ನೆ ಈ ವರ್ಷದ ನಿಜವಾದ ಪ್ರಶ್ನೆ, ಸ್ವಲ್ಪ ವಿವರವಾಗಿ ಉತ್ತರಿಸುತ್ತೇನೆ.

ಈ ಋತುವಿನ ಪ್ಲೇಆಫ್‌ನ ಹನ್ನೆರಡು ತಂಡಗಳಲ್ಲಿ ಐದು, ಕಾನ್ಫರೆನ್ಸ್ ಗೆದ್ದವರ ಪೈಕಿ ಶ್ರೇಯಾಂಕದಲ್ಲಿ ಮೇಲಿರುವ ತಂಡಗಳು. ಉಳಿದ ಏಳನ್ನು ಆಯ್ಕೆ ಸಮಿತಿ ಆರಿಸಿತು. ಒಹಾಯೊ ಸ್ಟೇಟ್ ಬಂದದ್ದು ಈ ಎರಡನೆಯ ಬಾಗಿಲಿನಿಂದ, ಎಂಟನೆಯ ತಂಡವಾಗಿ. ಮೊದಲ ನಾಲ್ಕು ಸ್ಥಾನ ಕಾನ್ಫರೆನ್ಸ್ ಗೆದ್ದವರಿಗೇ ಮೀಸಲಾಗಿತ್ತು, ಅವರಿಗೆ ಮೊದಲ ಸುತ್ತಿನಲ್ಲಿ ಬೈ, ಅಂದರೆ ಆಡದೆಯೇ ಎರಡನೆಯ ಸುತ್ತು. ಹೀಗೆ ಬೈ ಪಡೆದವರು ಒರೆಗಾನ್, ಜಾರ್ಜಿಯ, ಬಾಯ್ಸಿ ಸ್ಟೇಟ್ ಮತ್ತು ಅರಿಜೋನಾ ಸ್ಟೇಟ್. ನಾಲ್ಕೂ ತಂಡಗಳು ತಮ್ಮ ಮೊದಲ ಪಂದ್ಯದಲ್ಲೇ ಸೋತು ಮನೆಗೆ ಹೋದವು. ಮೂರು ವಾರಕ್ಕೂ ಮಿಕ್ಕಿ ಆಡದೆ ಕುಳಿತದ್ದು ವರವೋ ಶಾಪವೋ ಎಂದು ಅವರನ್ನೇ ಕೇಳಬೇಕು.

ಒರೆಗಾನ್‌ಗೆ ಆದದ್ದು ಅನ್ಯಾಯವೇ? ಅಕ್ಟೋಬರ್ 12ರಂದು ಯೂಜೀನ್‌ನಲ್ಲಿ ಅವರು ನಮ್ಮನ್ನು ಸೋಲಿಸಿದ್ದು 32-31ರಿಂದ, ಒಂದೇ ಅಂಕ. ಕೊನೆಯ ಕೆಲವು ಸೆಕೆಂಡುಗಳಿದ್ದಾಗ ಅವರು ಹನ್ನೊಂದರ ಬದಲು ಹನ್ನೆರಡು ಜನರನ್ನು ಮೈದಾನಕ್ಕೆ ಇಳಿಸಿದರು. ದಂಡವಾಗಿ ನಮಗೆ ಐದು ಯಾರ್ಡ್ ಸಿಕ್ಕಿತು, ಆದರೆ ಕಳೆದ ಸೆಕೆಂಡುಗಳು ವಾಪಸ್ ಬರಲಿಲ್ಲ, ಮತ್ತು ಆ ಹೊತ್ತಿನಲ್ಲಿ ನಮಗೆ ಬೇಕಾಗಿದ್ದದ್ದು ಸೆಕೆಂಡುಗಳೇ. ಆ ಜಾಣತನಕ್ಕೆ ಕೆಲವೇ ದಿನಗಳಲ್ಲಿ ನಿಯಮದ ವ್ಯಾಖ್ಯಾನವನ್ನೇ ತಿದ್ದಿದರು. ಉಳಿದ ಆರು ಸೆಕೆಂಡಿನಲ್ಲಿ ಹೋವರ್ಡ್ ಓಡಿ ಜಾರಿ ಕುಳಿತಾಗ ಗಡಿಯಾರ ಸೊನ್ನೆಯಾಗಿತ್ತು. ಜನವರಿ 1ರಂದು ಪಸಾಡೆನಾದ ರೋಸ್ ಬೌಲ್ ಮೈದಾನದಲ್ಲಿ ಅದೇ ಎರಡು ತಂಡಗಳು ಎದುರಾದಾಗ ಎರಡನೆಯ ಕ್ವಾರ್ಟರಿನಲ್ಲೇ ನಾವು 34-0 ಮುಂದಿದ್ದೆವು. ಎಂಟು ಸ್ಯಾಕ್, ಅಂದರೆ ಎಸೆಯುವ ಮೊದಲೇ ಅವರ ಕ್ವಾರ್ಟರ್‌ಬ್ಯಾಕನ್ನು ಎಂಟು ಬಾರಿ ಕೆಡವಿದೆವು. ಸ್ಯಾಕ್‌ಗಳ ನಷ್ಟವನ್ನೂ ಸೇರಿಸಿ ಒರೆಗಾನ್ ಓಡಿ ಗಳಿಸಿದ್ದು ಋಣ 23 ಯಾರ್ಡ್. ಒಂದಂಕದ ಗೆಲುವನ್ನೂ ಇಪ್ಪತ್ತಂಕದ ಗೆಲುವನ್ನೂ ತಕ್ಕಡಿಗೆ ಹಾಕಿದರೆ ಅನ್ಯಾಯ ಎಂಬ ಮಾತು ನಿಲ್ಲುವುದಿಲ್ಲ.

ಈಗ ದಂಡೆಯವರ ವಾದಕ್ಕೆ ಬರುತ್ತೇನೆ. ನನಗೆ ಅದು ಅರ್ಧ ಮಾತ್ರ ಒಪ್ಪಿಗೆ. ಸೋಲು ಕಣ್ಣು ತೆರೆಸಿತು ಎಂಬುದು ಕಥೆ ಹೇಳುವವರಿಗೆ ಇಷ್ಟವಾಗುವ ಮಾತು. ಈ ತಂಡದ ರಕ್ಷಣಾ ಪಡೆ ಸೆಪ್ಟೆಂಬರಿನಿಂದಲೂ ದೇಶದಲ್ಲೇ ಅತ್ಯುತ್ತಮವಾಗಿತ್ತು, ಎದುರಾಳಿಗಳಿಗೆ ಪಂದ್ಯವೊಂದಕ್ಕೆ ಸರಾಸರಿ 12.9 ಅಂಕ ಮಾತ್ರ ಬಿಟ್ಟುಕೊಟ್ಟಿತು. ಪೆನ್ ಸ್ಟೇಟ್‌ನಲ್ಲಿ 20-13ರಿಂದ ಗೆದ್ದ ದಿನ, ನಾಲ್ಕನೆಯ ಕ್ವಾರ್ಟರಿನಲ್ಲಿ ಗೋಲ್ ಗೆರೆಯ ಬುಡದಲ್ಲೇ ಎದುರಾಳಿಯ ನಾಲ್ಕು ಯತ್ನಗಳನ್ನೂ ತಡೆದು (ಹತ್ತು ಯಾರ್ಡ್ ಸಾಗಲು ಅಥವಾ ಗೆರೆ ದಾಟಲು ಸಿಗುವುದು ನಾಲ್ಕೇ ಯತ್ನ), ಅಲ್ಲಿಂದ ಚೆಂಡನ್ನು ಎದುರಾಳಿಗೆ ಮತ್ತೆ ಕೊಡದೆ ಉಳಿದ ಸಮಯವನ್ನೆಲ್ಲ ಕಳೆದರು. ಹತ್ತು ಗೆದ್ದು ಒಂದೂ ಸೋಲದೆ ಬಂದಿದ್ದ ಇಂಡಿಯಾನಾ ತಂಡವನ್ನು 38-15ರಿಂದ ಕಳುಹಿಸಿದರು. ಇದು ಬದಲಾಗಬೇಕಾದ ತಂಡವೇ ಆಗಿರಲಿಲ್ಲ. ಎಡವಿದ್ದು ಒಂದೇ ದಿನ, ಅದೂ ತನ್ನ ಮನಸ್ಸಿನೊಳಗಿನ ಮಿಶಿಗನ್‌ಗೆ.


ಒಲೆಂಟಾಂಜಿ ದಂಡೆಯವ
ಜನವರಿ 24, 2025

ಮೇಷ್ಟ್ರೇ, ರಕ್ಷಣಾ ಪಡೆಯ ಬಗ್ಗೆ ನಿಮ್ಮ ಮಾತಿಗೆ ಎದುರಿಲ್ಲ. ನಾನು ಹೇಳಿದ್ದು ಆಕ್ರಮಣದ ಬಗ್ಗೆ.

ಲೈನಿನ ಕಥೆಯನ್ನು ನೋಡಿ. ಎಡಬದಿಯ ಟ್ಯಾಕಲ್ ಜಾಶ್ ಸಿಮನ್ಸ್ ಒರೆಗಾನ್ ಪಂದ್ಯದಲ್ಲಿ ಮೊಣಕಾಲಿಗೆ ಗಾಯ ಮಾಡಿಕೊಂಡು ಋತುವಿನಿಂದಲೇ ಹೊರಬಿದ್ದರು. ಗಾರ್ಡ್ ಜಾಗದಲ್ಲಿದ್ದ ಡಾನವನ್ ಜ್ಯಾಕ್ಸನ್ ಅವರನ್ನು ಆ ಜಾಗಕ್ಕೆ ಸರಿಸಿದರು. ನವೆಂಬರಿನಲ್ಲಿ, ಇಂಡಿಯಾನಾ ಪಂದ್ಯದ ವಾರ, ಸೆಂಟರ್ ಸೆತ್ ಮೆಕ್‌ಲಾಫ್ಲಿನ್ ಅಭ್ಯಾಸದಲ್ಲಿ ಹಿಮ್ಮಡಿಯ ನರ ಹರಿದುಕೊಂಡರು. ಹೀಗೆ ತೇಪೆ ಹಾಕಿದ ಲೈನು ಮಿಶಿಗನ್‌ನ ಮೇಸನ್ ಗ್ರೇಹಮ್ ಮತ್ತು ಕೆನೆತ್ ಗ್ರಾಂಟ್ ಎಂಬ ಎರಡು ಬಂಡೆಗಳ ಎದುರು ನಿಂತಿತು. ಹೊರಗಡೆ ಜೆರೆಮಿಯಾ ಸ್ಮಿತ್, ಎಗ್ಬುಕಾ, ಕಾರ್ನೆಲ್ ಟೇಟ್ ಎಂಬ ಮೂವರು ರಿಸೀವರ್‌ಗಳು (ಎಸೆದ ಚೆಂಡು ಹಿಡಿಯುವವರು) ಕಾಯುತ್ತಿದ್ದರೂ ನಾವು ಆ ಬಂಡೆಗಳಿಗೇ ಮತ್ತೆ ಮತ್ತೆ ಹಣೆ ಚಚ್ಚಿಕೊಂಡೆವು. 26 ಬಾರಿ ಓಡಿ ಸಿಕ್ಕಿದ್ದು 77 ಯಾರ್ಡ್. ಮಿಶಿಗನ್‌ನವರು ನಮ್ಮನ್ನು ಮೃದು ಎನ್ನುತ್ತಾರೆ, ಆದ್ದರಿಂದ ಅವರನ್ನು ಮೈಬಲದಿಂದಲೇ ಸೋಲಿಸಬೇಕು ಎಂಬ ಹಟ ಅದು. ಅವರು ಅಂದದ್ದು ಸುಳ್ಳೆಂದು ತೋರಿಸಲು ಹೋಗಿ ಗೆಲ್ಲುವುದನ್ನೇ ಮರೆತೆವು.

ಡಿಸೆಂಬರ್ 21ರಂದು ಟೆನೆಸ್ಸೀ ಬಂದಾಗ ಮೊದಲ ಹೊಡೆತದಲ್ಲೇ ಬದಲಾವಣೆ ಕಂಡಿತು. ಮೊದಲ ಸರದಿಯಲ್ಲೇ ಸ್ಮಿತ್‌ಗೆ 37 ಯಾರ್ಡಿನ ಟಚ್‌ಡೌನ್ (ಗೋಲ್ ಗೆರೆ ದಾಟಿ ಆರಂಕ) ಪಾಸ್, ಮೊದಲ ಕ್ವಾರ್ಟರ್ ಮುಗಿದಾಗ 21-0. ಹೋವರ್ಡ್ ಆ ದಿನ 29 ಎಸೆತಗಳಲ್ಲಿ 24 ಮುಟ್ಟಿಸಿ 311 ಯಾರ್ಡ್ ಗಳಿಸಿದರು. ಎಸೆದು ಎದುರಾಳಿಯನ್ನು ಹಿಂದೆ ಸರಿಸು, ಆಮೇಲೆ ಹೆಂಡರ್ಸನ್ ಮತ್ತು ಕ್ವಿನ್‌ಶಾನ್ ಜಡ್ಕಿನ್ಸ್ ಕೈಗೆ ಚೆಂಡು ಕೊಟ್ಟು ಓಡಿಸು: ನಾಲ್ಕೂ ಪಂದ್ಯಗಳಲ್ಲಿ ಇದೇ ಕ್ರಮ. ನಮ್ಮ ಆಕ್ರಮಣದ ಕೋಚ್ ಚಿಪ್ ಕೆಲ್ಲಿ ಅಂಥವರು ಯುಸಿಎಲ್‌ಎ ವಿಶ್ವವಿದ್ಯಾಲಯದ ಮುಖ್ಯ ಕೋಚ್ ಹುದ್ದೆಯನ್ನೇ ಬಿಟ್ಟು ನಮ್ಮಲ್ಲಿಗೆ ಬಂದದ್ದು ಇಂಥ ಆಟ ಆಡಿಸಲೆಂದೇ ಅಲ್ಲವೆ? ನವೆಂಬರ್ 30ರ ಅವಮಾನವಾಗದೆ ಇದ್ದಿದ್ದರೆ ಆ ಧೈರ್ಯ ಬರುತ್ತಿತ್ತೇ ಎಂಬುದು ನನ್ನ ಪ್ರಶ್ನೆ.


ಡಬ್ಲಿನ್‌ನ ಅಮ್ಮ
ಜನವರಿ 24, 2025

ಟೆನೆಸ್ಸೀ ಪಂದ್ಯಕ್ಕೆ ಕೊಲಂಬಸ್ ಪಕ್ಕದ ಡಬ್ಲಿನ್‌ನಿಂದ ನಾನೂ ನನ್ನ ಮಗನೂ ಹೋಗಿದ್ದೆವು. ಒಹಾಯೊ ಸ್ಟೇಡಿಯಂ 1922ರಲ್ಲಿ ಆರಂಭವಾಯಿತಂತೆ, ಲಕ್ಷಕ್ಕೂ ಹೆಚ್ಚು ಜನ ಹಿಡಿಯುವ ಅಂಗಳ, ಕುದುರೆ ಲಾಳದ ಆಕಾರ. ಅಲ್ಲಿ ಪ್ಲೇಆಫ್ ಪಂದ್ಯ ನಡೆದದ್ದು ಅದೇ ಮೊದಲು, ಏಕೆಂದರೆ ಈ ಹೊಸ ಪದ್ಧತಿ ಬರುವವರೆಗೆ ಪ್ಲೇಆಫ್ ಎಂದರೆ ಬೇರೆ ಊರಿನ ಬೌಲ್ ಮೈದಾನಗಳೇ ಆಗಿದ್ದವು. ಆನ್ ಆರ್ಬರ್ ಸೊಸೆಯವರು ಹೊಸ ಪದ್ಧತಿಯನ್ನು ಬೈಯುವಾಗ ಇದನ್ನೂ ನೆನೆಯಬೇಕು. ಪಸಾಡೆನಾಗೋ ಅಟ್ಲಾಂಟಾಗೋ ವಿಮಾನದಲ್ಲಿ ಹೋಗಿ ಹೋಟೆಲ್ ಹಿಡಿದು ಟಿಕೆಟ್ ಕೊಳ್ಳುವುದು ನಮ್ಮಂಥ ಸಂಸಾರಗಳಿಗೆ ಆಗುವ ಮಾತಲ್ಲ.

ಚಳಿಯ ಬಗ್ಗೆ ಏನು ಹೇಳಲಿ. ಉಣ್ಣೆ ಟೋಪಿಯ ಮೇಲೆ ಇನ್ನೊಂದು ಟೋಪಿ, ಎರಡು ಜೊತೆ ಕಾಲುಚೀಲ, ಆದರೂ ಕಾಲ್ಬೆರಳು ಇವೆಯೋ ಇಲ್ಲವೋ ತಿಳಿಯದು. ಸ್ಟೇಡಿಯಂನಲ್ಲಿ ಎಲ್ಲಿ ನೋಡಿದರೂ ಟೆನೆಸ್ಸೀಯವರ ಕಿತ್ತಳೆ ಬಣ್ಣ. ಮಿಶಿಗನ್ ಸೋಲಿನ ಸಿಟ್ಟಿನಲ್ಲಿ ನಮ್ಮವರು ಎಷ್ಟೋ ಜನ ಟಿಕೆಟ್ ಮಾರಿಬಿಟ್ಟಿದ್ದಾರೆಂದು ಹಿಂದಿನ ಸಾಲಿನ ಹಿರಿಯರೊಬ್ಬರು ಗೊಣಗುತ್ತಿದ್ದರು. ಆಟ ಆರಂಭವಾಗುವ ಮುನ್ನ ನಮ್ಮ ಸುತ್ತಲಿನ ಜನರ ಮುಖದಲ್ಲಿ ಹಬ್ಬದ ಕಳೆ ಇರಲಿಲ್ಲ, ಆಸ್ಪತ್ರೆಯಲ್ಲಿ ವರದಿಗಾಗಿ ಕಾಯುವವರ ಕಳೆ ಇತ್ತು. ಸ್ಮಿತ್ ಮೊದಲ ಚೆಂಡನ್ನು ಹಿಡಿದು ಗೆರೆ ದಾಟಿದ ಮೇಲೆ ಆ ಹಿರಿಯರು ಕೈಗವಸು ಕಳಚಿ, ಪರಿಚಯವೇ ಇಲ್ಲದ ನನ್ನ ಮಗನ ಕೈ ಹಿಡಿದು ಅಲ್ಲಾಡಿಸಿದರು. ಕಾಲುಗಂಟೆಯ ನಂತರ ಅವರು ಮಿಶಿಗನ್ ಹೆಸರೆತ್ತಲಿಲ್ಲ.

ಆ ಸ್ಮಿತ್ ಇನ್ನೂ ಮೊದಲ ವರ್ಷದ ಹುಡುಗ, ಫ್ಲಾರಿಡಾದಿಂದ ಬಂದವನು. ನನ್ನ ಮಗನಿಗಿಂತ ಒಂದೇ ವರ್ಷ ದೊಡ್ಡವನು. ನಮ್ಮವನಿಗೆ ಹಾಲಿನ ಲೋಟ ತೊಳೆದಿಡು ಎಂದು ಮೂರು ಸಲ ಹೇಳಬೇಕು.


ಆಸ್ಟಿನ್ ವಾಸಿ
ಜನವರಿ 25, 2025

ಟೆಕ್ಸಸ್ ಕಡೆಯವನಾದ ನನಗೂ ಎರಡು ಮಾತಾಡಲು ಅವಕಾಶ ಕೊಡಿ. ಜನವರಿ 10ರಂದು ಆರ್ಲಿಂಗ್ಟನ್‌ನಲ್ಲಿ ನಡೆದ ಸೆಮಿಫೈನಲ್‌ನ ಅಂಕ 28-14 ಎಂದು ನೀವೆಲ್ಲ ಬರೆದು ಮುಂದೆ ಹೋಗುತ್ತಿದ್ದೀರಿ. ಆ ಅಂಕ ನೋಡಿದರೆ ಪಂದ್ಯ ಸಲೀಸಾಗಿ ಮುಗಿಯಿತು ಎನ್ನಿಸುತ್ತದೆ. ಹಾಗೆ ಆಗಲಿಲ್ಲ.

ನಾಲ್ಕನೆಯ ಕ್ವಾರ್ಟರ್ ಆರಂಭದಲ್ಲಿ 14-14. ನಮ್ಮವರು ಸ್ಮಿತ್‌ನನ್ನು ಒಂದೇ ಒಂದು ಕ್ಯಾಚಿಗೆ, ಮೂರು ಯಾರ್ಡಿಗೆ ಕಟ್ಟಿಹಾಕಿದ್ದರು. ನೀವು 88 ಯಾರ್ಡ್ ಸಾಗಿ 21-14 ಮಾಡಿದಿರಿ, ಅದರಲ್ಲಿ ನಾಲ್ಕನೆಯ ಯತ್ನಕ್ಕೆ ಎರಡು ಯಾರ್ಡ್ ಬೇಕಿದ್ದಾಗ ಹೋವರ್ಡ್ ತಾನೇ 18 ಯಾರ್ಡ್ ಓಡಿದ್ದು ನನಗಿನ್ನೂ ಕಣ್ಣಿಗೆ ಕಟ್ಟಿದಂತಿದೆ. ಅದಾದ ಮೇಲೆ ನಾವು ನಿಮ್ಮ ಒಂದು ಯಾರ್ಡ್ ಗೆರೆಗೆ ಬಂದೆವು. ಒಂದೇ ಯಾರ್ಡ್, ಅಂದರೆ ಒಬ್ಬ ಆಟಗಾರ ನೆಲದ ಮೇಲೆ ಬಿದ್ದರೂ ದಾಟಬಹುದಾದ ದೂರ, ಮತ್ತು ಅದಕ್ಕೆ ನಾಲ್ಕು ಯತ್ನ. ಮೊದಲನೆಯದರಲ್ಲಿ ಏನೂ ಸಿಗಲಿಲ್ಲ. ಎರಡನೆಯದರಲ್ಲಿ ಚೆಂಡನ್ನು ಬದಿಗೆ ಎಸೆದು ಓಡಲು ಹೋಗಿ ಏಳು ಯಾರ್ಡ್ ಹಿಂದೆ ಬಂದೆವು. ಆ ಕರೆ ಯಾಕೆ ಕೊಟ್ಟರೆಂದು ಈ ಊರಿನಲ್ಲಿ ಇವತ್ತಿಗೂ ಜಗಳ ನಡೆಯುತ್ತಿದೆ. ಮೂರನೆಯ ಎಸೆತ ಕೈತಪ್ಪಿತು. ನಾಲ್ಕನೆಯದರಲ್ಲಿ ಕ್ವಿನ್ ಎವರ್ಸ್ ಹಿಂದೆ ಸರಿದು ಕೈ ಎತ್ತಿದಾಗ ಜ್ಯಾಕ್ ಸಾಯರ್ ಬದಿಯಿಂದ ಬಂದು ಚೆಂಡನ್ನು ತಟ್ಟಿದರು, ಅದು ನೆಲಕ್ಕೆ ಬಿದ್ದು ಪುಟಿದು ಅವರ ಕೈಗೇ ಬಂತು. ಅಷ್ಟು ದೊಡ್ಡ ಮೈಯ ಮನುಷ್ಯ 83 ಯಾರ್ಡ್ ಓಡಿದರು. ಕೊನೆಯ 20 ಯಾರ್ಡ್ ಓಡುವಾಗ ಅವರ ಕಾಲು ಸೋಲುತ್ತಿದ್ದದ್ದು ಟಿವಿಯಲ್ಲೂ ಕಾಣುತ್ತಿತ್ತು, ಆದರೂ ಹಿಡಿಯಲು ಯಾರೂ ಹತ್ತಿರ ಇರಲಿಲ್ಲ.

ಇನ್ನೊಂದು ವಿಷಯ: ಎವರ್ಸ್ ಟೆಕ್ಸಸ್‌ಗೆ ಬರುವ ಮುನ್ನ 2021ರಲ್ಲಿ ಒಹಾಯೊ ಸ್ಟೇಟ್‌ನಲ್ಲಿದ್ದರು, ಮತ್ತು ಅಲ್ಲಿ ಅವರ ಕೋಣೆಯ ಸಂಗಾತಿ ಇದೇ ಸಾಯರ್.

ಗೆದ್ದವರಿಗೆ ಸಲ್ಲಬೇಕಾದ್ದು ಸಲ್ಲಲಿ. ಆದರೆ ಹಣದ ಮಾತನ್ನು ಯಾರೂ ಎತ್ತಿಲ್ಲ. ಈ ತಂಡಕ್ಕೆ ಸುಮಾರು 2 ಕೋಟಿ ಡಾಲರ್ ಹೋಗಿದೆ ಎಂದು ನಿಮ್ಮ ಕ್ರೀಡಾ ನಿರ್ದೇಶಕರೇ ಹೇಳಿದ್ದಾರೆ. ಹೋವರ್ಡ್ ಕ್ಯಾನ್ಸಸ್ ಸ್ಟೇಟ್‌ನಿಂದ, ಜಡ್ಕಿನ್ಸ್ ಓಲ್ ಮಿಸ್‌ನಿಂದ, ಕೇಲೆಬ್ ಡೌನ್ಸ್ ಮತ್ತು ಮೆಕ್‌ಲಾಫ್ಲಿನ್ ಅಲಬಾಮಾದಿಂದ ಬಂದವರು. ಸೋಲಿನಿಂದ ಪಾಠ ಕಲಿತರು ಎನ್ನುವಾಗ ಪಾಠದ ಶುಲ್ಕವನ್ನೂ ಹೇಳಿ. (ನಮ್ಮ ಟೆಕ್ಸಸ್ ಏನು ಬಡವರ ಮನೆ ಎಂದು ನೀವು ಕೇಳುವ ಮೊದಲೇ ನಾನೇ ನಕ್ಕುಬಿಡುತ್ತೇನೆ.)


ಲೆಕ್ಕದ ಮೇಷ್ಟ್ರು
ಜನವರಿ 25, 2025

ಆಸ್ಟಿನ್ ವಾಸಿಯವರೇ, ಹಣದ ಮಾತು ಸರಿ, ಆದರೆ ಅದು ಎಲ್ಲಿ ಕೆಲಸ ಮಾಡಿತು ಎಂಬುದನ್ನು ನೋಡಬೇಕು. ಹೊರಗಿನಿಂದ ಬಂದವರಷ್ಟೇ ಮುಖ್ಯ, ಹೊರಗೆ ಹೋಗದೆ ಉಳಿದವರು. ಸಾಯರ್, ಟುಇಮೊಲೊವಾವ್, ಹೆಂಡರ್ಸನ್, ಎಗ್ಬುಕಾ, ಡೆನ್ಜೆಲ್ ಬರ್ಕ್, ಟೈಲೀಕ್ ವಿಲಿಯಮ್ಸ್, ಜ್ಯಾಕ್ಸನ್ ಇವರೆಲ್ಲ 2023ರ ನಂತರವೇ ಎನ್‌ಎಫ್‌ಎಲ್ ಎಂಬ ವೃತ್ತಿಪರ ಲೀಗಿಗೆ ಹೋಗಬಹುದಿತ್ತು. ಮಿಶಿಗನ್‌ಗೆ ಮೂರನೆಯ ಬಾರಿ ಸೋತು, ಕಾಟನ್ ಬೌಲಿನಲ್ಲಿ ಮಿಸ್ಸೂರಿ ಎದುರು ಬರೀ 3 ಅಂಕ ಗಳಿಸಿದ ಆ ಋತುವಿನ ಬಳಿಕ ಮತ್ತೊಂದು ವರ್ಷ ಇರುತ್ತೇವೆಂದು ಅವರು ನಿರ್ಧರಿಸಿದರು. 2021ಕ್ಕಿಂತ ಮೊದಲಿನ ಕಾಲದಲ್ಲಾಗಿದ್ದರೆ, ಆಟಗಾರರು ತಮ್ಮ ಹೆಸರಿನಿಂದ ಕಾಸು ಗಳಿಸುವಂತಿಲ್ಲದಿದ್ದಾಗ, ಅವರಲ್ಲಿ ಅರ್ಧದಷ್ಟು ಜನ ಹೋಗಿರುತ್ತಿದ್ದರು. ನನ್ನ ಪ್ರಕಾರ ಹಣ ಈ ತಂಡಕ್ಕೆ ಕೊಟ್ಟದ್ದು ವಯಸ್ಸು. ಇಪ್ಪತ್ತೆರಡು ವರ್ಷದ ಗಂಡಸರು ಹತ್ತೊಂಬತ್ತರ ಹುಡುಗರ ವಿರುದ್ಧ ಆಡಿದರು.

ಫೈನಲ್‌ನಲ್ಲೂ ಅದೇ ಕಂಡಿತು. ನೋಟರ್ ಡೇಮ್ ಮೊದಲ ಸರದಿಯಲ್ಲೇ 18 ಆಟಗಳನ್ನು ಆಡಿ, 75 ಯಾರ್ಡ್ ಸಾಗಿ, ಹತ್ತಿರಹತ್ತಿರ ಹತ್ತು ನಿಮಿಷ ಚೆಂಡನ್ನು ಇಟ್ಟುಕೊಂಡು ಟಚ್‌ಡೌನ್ ಹೊಡೆಯಿತು. ಹಳೆಯ ಒಹಾಯೊ ಸ್ಟೇಟ್ ಆಗಿದ್ದರೆ ಅಲ್ಲೇ ಗಾಬರಿಯಾಗುತ್ತಿತ್ತು. ಹೋವರ್ಡ್ ತಮ್ಮ ಮೊದಲ 13 ಎಸೆತಗಳನ್ನೂ ಮುಟ್ಟಿಸಿದರು. ದ್ವಿತೀಯಾರ್ಧ ಆರಂಭವಾಗುತ್ತಿದ್ದಂತೆ ಜಡ್ಕಿನ್ಸ್ 70 ಯಾರ್ಡ್ ಓಡಿದರು, ಅಂಕ 31-7ಕ್ಕೆ ಹೋಯಿತು.


ಮೈಸೂರಿನಿಂದ ಬಂದ ಹೊಸಬ
ಜನವರಿ 25, 2025

ಮೇಷ್ಟ್ರು ಅಲ್ಲಿಗೇ ನಿಲ್ಲಿಸಿಬಿಟ್ಟರು, ಆಮೇಲೆ ನನ್ನ ಎದೆ ಬಡಿತ ನಿಂತದ್ದನ್ನು ಯಾರು ಹೇಳುತ್ತಾರೆ? 31-7 ಇದ್ದದ್ದು 31-23 ಆಯಿತು, ನಾಲ್ಕು ನಿಮಿಷ ಮಿಕ್ಕಿತ್ತು. ನಮ್ಮ ಕೋಣೆಯಲ್ಲಿ ಒಂಬತ್ತು ಜನ ಒಂದು ಕುಕ್ಕರ್ ಬಿಸಿಬೇಳೆಬಾತ್ ಮುಂದಿಟ್ಟುಕೊಂಡು ಕೂತಿದ್ದೆವು. ಅರ್ಧ ತಟ್ಟೆಗಳು ಹಾಗೇ ಆರಿಹೋದವು. ಮೂರನೆಯ ಯತ್ನ, ಹನ್ನೊಂದು ಯಾರ್ಡ್ ಬೇಕು. ಅಲ್ಲಿ ತಪ್ಪಿದರೆ ಚೆಂಡು ನೋಟರ್ ಡೇಮ್‌ಗೆ. ಇಂಥ ಹೊತ್ತಿನಲ್ಲಿ ಓಡಿ ಸಮಯ ಕಳೆಯುತ್ತಾರೆಂದು ನನ್ನ ಪಕ್ಕದವ ಹೇಳುತ್ತಿರುವಾಗಲೇ ಹೋವರ್ಡ್ ಬಲಗಡೆಗೆ ಉದ್ದಕ್ಕೆ ಎಸೆದರು, ಸ್ಮಿತ್ ಒಬ್ಬನೇ ಒಬ್ಬ ಎದುರಾಳಿಯನ್ನು ಹಿಂದೆ ಹಾಕಿ ಹಿಡಿದ. 56 ಯಾರ್ಡ್. ಆಟ ಅರ್ಥವಾಗದ ನನಗೂ ಅಷ್ಟು ಅರ್ಥವಾಯಿತು.


ಒಲೆಂಟಾಂಜಿ ದಂಡೆಯವ
ಜನವರಿ 26, 2025

ಹೊಸಬರೇ, ನನ್ನ ವಾದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ. ಮೂರನೆಯ ಯತ್ನಕ್ಕೆ ಹನ್ನೊಂದು, ಎಂಟು ಅಂಕದ ಮುನ್ನಡೆ, ಎರಡೂವರೆ ನಿಮಿಷದ ಆಸುಪಾಸು. ನವೆಂಬರ್ 30ರ ರಯಾನ್ ಡೇ ಅಲ್ಲಿ ಓಡಿಸುತ್ತಿದ್ದರು, ಪಂಟ್ ಮಾಡಿ ಚೆಂಡನ್ನು ದೂರಕ್ಕೆ ಒದ್ದು ಎದುರಾಳಿಗೆ ಬಿಡುತ್ತಿದ್ದರು, ಆಮೇಲೆ ರಕ್ಷಣಾ ಪಡೆಯನ್ನು ನಂಬಿ ಕೈಕಟ್ಟಿ ನಿಲ್ಲುತ್ತಿದ್ದರು. ಜನವರಿ 20ರ ರಯಾನ್ ಡೇ ತನ್ನ ಅತ್ಯುತ್ತಮ ಆಟಗಾರನಿಗೆ ಎಸೆಯಿರಿ ಎಂದರು. ಜೇಡನ್ ಫೀಲ್ಡಿಂಗ್, ಅಂದು ಎರಡು ಗೋಲ್ ತಪ್ಪಿಸಿದ್ದ ಅದೇ ಹುಡುಗ, 26 ಸೆಕೆಂಡ್ ಇದ್ದಾಗ 33 ಯಾರ್ಡಿನಿಂದ ಒದ್ದು 34-23 ಮಾಡಿದರು.

ಆನ್ ಆರ್ಬರ್ ಸೊಸೆಯವರೇ, ನಿಮ್ಮ ದೂರನ್ನು ನಾನು ತಳ್ಳಿಹಾಕುವುದಿಲ್ಲ. ಹನ್ನೆರಡರ ಪದ್ಧತಿಯಿಂದ ನವೆಂಬರಿನ ಭಯ ಕಡಿಮೆಯಾಗಿದೆ, ನಿಜ. ಆದರೆ ಒಂದು ಮಾತು: ಫೈನಲ್‌ನಲ್ಲಿ ನಮ್ಮೆದುರು ನಿಂತಿದ್ದ ನೋಟರ್ ಡೇಮ್ ಕೂಡ ಸೆಪ್ಟೆಂಬರ್‌ನಲ್ಲಿ ತವರಿನಲ್ಲೇ ನಾರ್ದರ್ನ್ ಇಲಿನಾಯ್ ಎಂಬ ಸಣ್ಣ ತಂಡಕ್ಕೆ 16-14ರಿಂದ ಸೋತದ್ದು. ಅವರ ಕೋಚ್ ಮಾರ್ಕಸ್ ಫ್ರೀಮನ್ ಒಂದು ಕಾಲದಲ್ಲಿ ನಮ್ಮದೇ ಒಹಾಯೊ ಸ್ಟೇಟ್‌ಗೆ ಆಡಿದವರು. ಹಳೆಯ ಪದ್ಧತಿಯಲ್ಲಿ ಈ ಎರಡು ತಂಡಗಳ ಫೈನಲ್ ಅಸಾಧ್ಯ. ಹದಿನಾರು ಪಂದ್ಯಗಳಲ್ಲಿ ಹದಿನಾಲ್ಕು ಗೆದ್ದು, ಪ್ಲೇಆಫ್‌ನಲ್ಲಿ 145-75ರ ಒಟ್ಟು ಅಂಕದಿಂದ ಮೊದಲ, ಐದನೆಯ, ಏಳನೆಯ ಮತ್ತು ಒಂಬತ್ತನೆಯ ಸೀಡ್‌ಗಳನ್ನು ಸೋಲಿಸಿದ ತಂಡವನ್ನು ಅನರ್ಹ ಚಾಂಪಿಯನ್ ಎನ್ನಲು ನಿಮಗೂ ಮನಸ್ಸು ಬರಲಾರದು.


ಆನ್ ಆರ್ಬರ್ ಸೊಸೆ
ಜನವರಿ 26, 2025

ಅನರ್ಹ ಎಂದು ನಾನು ಎಲ್ಲಿ ಹೇಳಿದೆ? ಅರ್ಹರೇ. ನನ್ನ ಗಂಡ ಮಾತ್ರ ಫೈನಲ್ ನೋಡಲಿಲ್ಲ, ಗ್ಯಾರೇಜಿನಲ್ಲಿ ಹಿಮ ತೆಗೆಯುವ ಯಂತ್ರ ಬಿಚ್ಚಿಕೊಂಡು ಕೂತಿದ್ದರು. ಒಳಗೆ ಬಂದಾಗ ಅಂಕ ಎಷ್ಟಾಯಿತೆಂದು ಕೇಳಲಿಲ್ಲ. ಫ್ರಿಜ್ ತೆಗೆದು ಮಜ್ಜಿಗೆ ಕುಡಿದು, "13-10" ಎಂದಷ್ಟೇ ಹೇಳಿ ಮಲಗಲು ಹೋದರು.

ದಂಡೆಯವರ ವಾದ ಪೂರ್ತಿ ಓದಿದ ಮೇಲೆ ಒಂದು ಲೆಕ್ಕ ಮಾಡಿದೆ. ನಮಗೆ ಸೋತದ್ದರಿಂದಲೇ ನೀವು ಗೆದ್ದಿರೆಂದಾದರೆ, 2025ರಲ್ಲೂ ಪ್ರಶಸ್ತಿ ಬೇಕಿದ್ದರೆ ನವೆಂಬರ್ 29ರಂದು ನಮ್ಮೂರಿಗೆ ಬಂದು ಮತ್ತೆ ಸೋಲಬೇಕು. ಆನ್ ಆರ್ಬರ್‌ನಲ್ಲಿ ನಿಮಗೆ ಅದರ ಏರ್ಪಾಡು ಮಾಡಿಕೊಡುತ್ತೇವೆ, ಊಟ ನಮ್ಮ ಮನೆಯಲ್ಲಿ.


ಡಬ್ಲಿನ್‌ನ ಅಮ್ಮ
ಜನವರಿ 26, 2025

ಊಟಕ್ಕೆ ಖಂಡಿತ ಬರುತ್ತೇವೆ ಕಣಮ್ಮಾ, ಉಳಿದದ್ದು ಅಲ್ಲಿಗೆ ಬಂದು ನೋಡೋಣ. ಅದಕ್ಕೂ ಮುಂಚೆ ಆಗಸ್ಟ್ 30ಕ್ಕೆ ಟೆಕ್ಸಸ್ ತಂಡ ಕೊಲಂಬಸ್‌ಗೆ ಬರುತ್ತಿದೆ, ಋತುವಿನ ಮೊದಲ ಪಂದ್ಯವೇ ಅದು. ಆಸ್ಟಿನ್ ವಾಸಿಯವರೇ, ಬರುವುದಾದರೆ ಈಗಲೇ ಹೇಳಿ. ನಮ್ಮ ಮನೆಯಲ್ಲಿ ಒಂದು ಕೋಣೆ ಖಾಲಿ ಇದೆ, ಆ ಹೊತ್ತಿಗೆ ಟೋಪಿಯ ಮೇಲೆ ಟೋಪಿ ಹಾಕುವ ಕಷ್ಟವೂ ಇರುವುದಿಲ್ಲ.